ಆ ಮೆಮೊ ವಾಪಸ್ ತೆಗೆದುಕೊಳ್ಳಿ: ಮಿಷನ್ ಆಸ್ಪತ್ರೆಗಳ ಆಡಳಿತ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕದ ಮಿಷನ್ ಆಸ್ಪತ್ರೆಗಳ ಆಡಳಿತ ಮಂಡಳಿಗಳ ಅಧ್ಯಕ್ಷರು ಮತ್ತು ಸದಸ್ಯರು, ಪೂಜ್ಯ ಬಿಷಪರು, ಹಾಗೂ ನಮ್ಮ ಕ್ರೈಸ್ತ ಸಭೆಗಳ ಹಿರಿಯರು.

ಮಾನ್ಯರೇ,

ಯೇಸು ಕ್ರಿಸ್ತನ ಹೆಸರಿನಲ್ಲಿ ನಿಮ್ಮೆಲ್ಲರಿಗೂ ವಂದನೆಗಳು.

ನಾನೊಬ್ಬ ನಿವೃತ್ತ ಸ್ಟಾಫ್ ನರ್ಸ್. 1981ರಲ್ಲಿ ಮಿಷನ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಸೇರಿದೆ. ಓದು ಮುಗಿಸಿ ಮಿಷನ್ ಆಸ್ಪತ್ರೆಗಳಲ್ಲೇ ಕೆಲಸ ಮಾಡಿ ನಿವೃತ್ತಳಾದೆ. ಬೇರೆ ಕಡೆ ಜಾಸ್ತಿ ಸಂಬಳ ಇತ್ತು. ನನ್ನ ಜೊತೆಯವರು ಕೊಲ್ಲಿ ದೇಶಗಳಿಗೆ ಹೋದರು, ಮನೆ ಕಟ್ಟಿಸಿದರು. ನಾನು ಹೋಗಲಿಲ್ಲ. ಅದಕ್ಕೆ ನನಗೆ ಬೇಸರ ಇಲ್ಲ. ಆದರೆ ಕಳೆದ ಮಳೆಗಾಲದಲ್ಲಿ ಕಣ್ಣಾರೆ ಕಂಡ ಒಂದು ವಿಷಯ, ಬಡ ರೋಗಿಯ ಗಾಯ ತೊಳೆದ ನರ್ಸಿಗೆ ವಿವರಣೆ ಕೇಳಿ ಮೆಮೊ ಕೊಟ್ಟದ್ದು, ನನ್ನನ್ನು ಈ ಪತ್ರ ಬರೆಯುವಂತೆ ಮಾಡಿದೆ. ಮೊದಲು ಒಳಗೇ ಪತ್ರ ಕೊಟ್ಟೆ, ಎರಡು ಸಲ. ಉತ್ತರ ಬರಲಿಲ್ಲ. ಅದಕ್ಕೇ ಈಗ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಒಂದು ಆಸ್ಪತ್ರೆಯನ್ನು ಬೀದಿಗೆ ಎಳೆಯುವುದು ನನ್ನ ಉದ್ದೇಶ ಅಲ್ಲ. ಇದನ್ನು ಓದುವ ಪ್ರತಿಯೊಂದು ಮಂಡಳಿಯೂ ತಮ್ಮ ಆಸ್ಪತ್ರೆಯ ರಾತ್ರಿ ಹೇಗಿರುತ್ತದೆ ಅಂತ ಒಮ್ಮೆ ನೋಡಿಕೊಳ್ಳಲಿ, ಅಷ್ಟೇ.

ನಡೆದದ್ದು ಇಷ್ಟು.

ನಮ್ಮ ಪಕ್ಕದ ಮನೆಯಾಕೆ ಬೀಡಿ ಕಟ್ಟುತ್ತಾರೆ. ಗಂಡನಿಗೆ ಹಳೇ ಸಕ್ಕರೆ ಕಾಯಿಲೆ. ಕಾಲಿಗೆ ಏನೋ ಚುಚ್ಚಿ ಗಾಯವಾಗಿತ್ತು. ಅರಿಶಿನ ಹಚ್ಚಿ, ಬಟ್ಟೆ ಸುತ್ತಿ ಹದಿನೈದು ದಿನ ತಳ್ಳಿದ್ದರು. ಒಂದು ರಾತ್ರಿ ಹತ್ತೂವರೆಗೆ ಆಕೆ ಬಂದು ಬಾಗಿಲು ಬಡಿದರು. "ಸಿಸ್ಟ್ರೇ, ಸ್ವಲ್ಪ ಬನ್ನಿ. ಇವರ ಮೈ ಬೆಂಕಿ ಹಾಗೆ ಸುಡ್ತಾ ಉಂಟು. ಏನೇನೋ ಮಾತಾಡ್ತಾ ಇದ್ದಾರೆ." ಹೋಗಿ ನೋಡಿದೆ. ಬಾಗಿಲಲ್ಲೇ ವಾಸನೆ ಬಂತು. ಪಾದ ಊದಿ ಕಪ್ಪಾಗಿತ್ತು. ಜ್ವರ ನೆತ್ತಿಗೇರಿತ್ತು. ರಿಕ್ಷಾ ಹಿಡಿದು ನಮ್ಮ ಆಸ್ಪತ್ರೆಗೇ ಕರೆದುಕೊಂಡು ಹೋದೆ. ಬೇರೆ ಯೋಚನೆಯೇ ಬರಲಿಲ್ಲ. ನಲವತ್ತು ವರ್ಷದಿಂದ ಯಾರು ಕೇಳಿದರೂ "ಮಿಷನ್ ಆಸ್ಪತ್ರೆಗೆ ಹೋಗಿ, ನೋಡ್ತಾರೆ" ಅಂತ ಹೇಳಿಕೊಂಡು ಬಂದವಳು ನಾನು.

ಕೌಂಟರಿನಲ್ಲಿ ಇಪ್ಪತ್ತು ಸಾವಿರ ಅಡ್ವಾನ್ಸ್ ಕೇಳಿದರು. ಆಕೆಯ ಬಟ್ಟೆ ಚೀಲದಲ್ಲಿ ಮೂರು ಸಾವಿರದ ನಾನೂರು ರೂಪಾಯಿ ಇತ್ತು. ನನ್ನ ಹತ್ತಿರ ಎರಡು ಸಾವಿರ. ಬಡವರ ಚಿಕಿತ್ಸೆಗೆ ಸರ್ಕಾರ ಕೊಡುವ ಆಯುಷ್ಮಾನ್ ಕಾರ್ಡ್ ಇದೆ ಅಂದೆವು. ಅದರ ಕಾಗದಪತ್ರ ನೋಡಿಕೊಳ್ಳುವವರಿಗೆ ಆರೋಗ್ಯ ಮಿತ್ರ ಅನ್ನುತ್ತಾರೆ. "ಆರೋಗ್ಯ ಮಿತ್ರ ಬೆಳಗ್ಗೆ ಒಂಬತ್ತಕ್ಕೆ ಬರ್ತಾರೆ, ಆಮೇಲೆ ನೋಡೋಣ" ಅಂದರು. ಕೌಂಟರಿನ ಹುಡುಗ ಒರಟಾಗಿ ಮಾತಾಡಲಿಲ್ಲ, ಅದನ್ನೂ ಹೇಳಬೇಕು. "ನನ್ನ ಕೈಯಲ್ಲಿ ಇಲ್ಲ ಆಂಟಿ, ಕಂಪ್ಯೂಟರ್ ಮುಂದಕ್ಕೆ ಹೋಗೋದೇ ಇಲ್ಲ" ಅಂದ. ಅವನಿಗೂ ಬೇಸರವಾಗಿತ್ತು.

ಹೊರಗಿನ ಸಿಮೆಂಟ್ ಬೆಂಚಿನ ಮೇಲೆ ಕೂತೆವು. ಒಂದು ಗಂಟೆಯಾಯಿತು. ನಾನು ಗೊತ್ತಿದ್ದವರಿಗೆಲ್ಲ ಫೋನ್ ಮಾಡುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ಒಬ್ಬ ಹುಡುಗಿ ಬಂದಳು. ಇಪ್ಪತ್ಮೂರು ಇಪ್ಪತ್ನಾಲ್ಕು ವಯಸ್ಸಿರಬಹುದು. ರಾತ್ರಿ ಪಾಳಿಯ ನರ್ಸ್. ಕೈಯಲ್ಲಿ ಕಿಡ್ನಿ ಟ್ರೇ, ಒಂದು ಬಾಟಲಿ ಸಲೈನ್, ಗಾಜ್ ಬಟ್ಟೆ, ಬ್ಯಾಂಡೇಜ್. ಏನೂ ಕೇಳಲಿಲ್ಲ. ನೆಲದ ಮೇಲೆ ಕೂತಳು. ಆ ಮನುಷ್ಯನ ಕಾಲನ್ನು ತನ್ನ ಮಡಿಲಿನ ಹತ್ತಿರ ಒಂದು ಮ್ಯಾಕಿಂಟಾಷ್, ಅಂದರೆ ರಬ್ಬರ್ ಹಾಸು, ಹಾಸಿ ಇಟ್ಟುಕೊಂಡಳು. ಅಂಟಿಕೊಂಡಿದ್ದ ಹಳೇ ಬಟ್ಟೆಯನ್ನು ಎಳೆಯಲಿಲ್ಲ. ಸಲೈನ್ ಸುರಿದು ಸುರಿದು ನೆನೆಸಿ, ತಾನಾಗಿ ಬಿಡುವ ತನಕ ಕಾದಳು. ಆಮೇಲೆ ತೊಳೆದಳು. "ಅಣ್ಣಾ, ನೋವಾದ್ರೆ ಹೇಳಿ" ಅನ್ನುತ್ತಿದ್ದಳು. ಅವರಿಗೆ ಆ ಪಾದದಲ್ಲಿ ಅರಿವೇ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೂ ಕೇಳುತ್ತಿದ್ದಳು. ಕಟ್ಟು ಕಟ್ಟಿ, ಡ್ಯೂಟಿ ಡಾಕ್ಟರನ್ನು ಎಬ್ಬಿಸಿ ಒಂದು ಚೀಟಿ ಬರೆಸಿಕೊಂಡು ಬಂದಳು. 108ಕ್ಕೆ ಅವಳೇ ಫೋನ್ ಮಾಡಿದಳು. ಜಿಲ್ಲಾಸ್ಪತ್ರೆಗೆ ನಾವು ತಲುಪಿದಾಗ ಒಂದೂವರೆ.

ಅವರ ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ನಮ್ಮ ಬೆಂಚಿನ ಮೇಲೆ ಕಳೆದ ಹೊತ್ತಿನಿಂದಲೇ ಕಾಲು ಹೋಯಿತು ಅಂತ ನಾನು ಹೇಳುವುದಿಲ್ಲ. ನರ್ಸ್ ಆಗಿ ಹಾಗೆ ಹೇಳುವುದು ತಪ್ಪು. ಗಾಯ ಮೊದಲೇ ಕೆಟ್ಟಿತ್ತು. ಜೀವ ಉಳಿಯಿತು, ದೇವರಿಗೆ ಸ್ತೋತ್ರ.

ನಾಲ್ಕು ದಿನದ ಮೇಲೆ ಆ ಹುಡುಗಿಗೆ ಧನ್ಯವಾದ ಹೇಳೋಣ ಅಂತ ಹೋದೆ. ಅವಳ ಕಣ್ಣು ಕೆಂಪಾಗಿತ್ತು. ಮೆಮೊ ಕೊಟ್ಟಿದ್ದರು. ದಾಖಲಾಗದ ರೋಗಿಗೆ, ಬಿಲ್ ಇಲ್ಲದೆ, ಆಸ್ಪತ್ರೆಯ ಸಾಮಾನು ಬಳಸಿದ್ದಕ್ಕೆ ವಿವರಣೆ ಕೇಳಿದ್ದರು. ವಾರ್ಡ್ ಬಿಟ್ಟು ಹೊರಗೆ ಹೋದದ್ದಕ್ಕೂ ಕೇಳಿದ್ದರು.

ಮಾನ್ಯರೇ, ಆ ಮೆಮೊವನ್ನು ನಾನು ಓದಿದೆ. ಅದರಲ್ಲಿ ಬರೆದದ್ದು ಯಾವುದೂ ಸುಳ್ಳಲ್ಲ. ಅವಳು ಬಿಲ್ ಇಲ್ಲದೆ ಸಲೈನ್ ಬಳಸಿದ್ದು ನಿಜ. ಇಪ್ಪತ್ತೆಂಟು ರೋಗಿಗಳಿದ್ದ ವಾರ್ಡನ್ನು ಒಬ್ಬ ಆಯಾಳ ಕೈಗೆ ಬಿಟ್ಟು ಹೊರಗೆ ಬಂದದ್ದೂ ನಿಜ. ನಾನು ವಾರ್ಡ್ ಸಿಸ್ಟರ್ ಆಗಿದ್ದವಳು, ಅದರ ಅಪಾಯ ನನಗೆ ಗೊತ್ತು. ಆದರೆ ಆ ರಾತ್ರಿ ಆ ಕಟ್ಟಡದಲ್ಲಿ ನಡೆದ ಕೆಲಸಗಳಲ್ಲಿ ನಮ್ಮ ಆಸ್ಪತ್ರೆ ಯಾಕೆ ಇದೆ ಅಂತ ತೋರಿಸಿದ ಕೆಲಸ ಅದೊಂದೇ. ಅದಕ್ಕೇ ನಾವು ವಿವರಣೆ ಕೇಳಿದೆವು.

ನಮ್ಮ ಆಸ್ಪತ್ರೆಗಳು ಶುರುವಾದದ್ದು ಹೇಗೆ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಎರಡು ಮಾತು ನೆನಪಿಸುತ್ತೇನೆ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಒಂದು ಆಲದ ಮರದ ಕೆಳಗೆ ಹೋಮಿಯೋಪಥಿ ಮದ್ದು ಕೊಡಲು ಶುರು ಮಾಡಿದರು. ಹತ್ತು ವರ್ಷದ ಮೇಲೆ, 1890ರಲ್ಲಿ, ಕುಷ್ಠರೋಗಿಗಳಿಗೆ ಒಂದು ಆಶ್ರಯ ತೆರೆದರು. ಆಗ ಕುಷ್ಠ ಗುಣ ಮಾಡುವ ಮದ್ದೇ ಇರಲಿಲ್ಲ. ಇವತ್ತು ಕೊಡುವ ಎಂಡಿಟಿ, ಅಂದರೆ ಹಲವು ಮದ್ದು ಸೇರಿದ ಗುಳಿಗೆಗಳು ಬಂದದ್ದು 1980ರ ದಶಕದಲ್ಲಿ. ಅಂದರೆ ಗುಣವಾಗುವುದಿಲ್ಲ ಅಂತ ಗೊತ್ತಿದ್ದೂ ಆ ಜನರನ್ನು ಒಳಗೆ ಕರೆದುಕೊಂಡರು. ಗಾಯ ತೊಳೆಯುವುದು, ಬಟ್ಟೆ ಕಟ್ಟುವುದು, ಊಟ ಕೊಡುವುದು, ಸತ್ತಾಗ ಮಣ್ಣು ಮಾಡುವುದು. ಇಷ್ಟೇ ಸಾಧ್ಯವಿತ್ತು. ಇಷ್ಟಕ್ಕಾಗಿ ಒಂದು ಮನೆ ಕಟ್ಟಿದರು.

ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಿಸ್ಟರುಗಳು ಸೇಂಟ್ ಮಾರ್ಥಾಸ್ ಆಸ್ಪತ್ರೆ ತೆರೆದದ್ದು 1886ರಲ್ಲಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರಲ್ಲಿ ಶುರುವಾಯಿತು. ಅಲ್ಲಿನ ಹಳಬರು ಈಗಲೂ ಅದನ್ನು ಸುಮ್ನೆ ಮಿಷನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ಉಡುಪಿಗೆ ಬಾಸೆಲ್ ಮಿಷನ್ನಿನ ಡಾಕ್ಟರ್ ಇವಾ ಲೊಂಬಾರ್ಡ್ ಸ್ವಿಟ್ಜರ್ಲೆಂಡಿನಿಂದ ಬಂದರು, 1923ರಲ್ಲಿ ಅಲ್ಲಿ ಆಸ್ಪತ್ರೆ ಆರಂಭಿಸಿದರು. ಒಬ್ಬ ಹೆಣ್ಣುಮಗಳು ಅಷ್ಟು ದೂರದ ಊರಿಂದ ಬಂದು, ಇಲ್ಲಿನ ಮಾತು ಕಲಿತು, ಇಲ್ಲಿನ ಹೆಂಗಸರ ಹೆರಿಗೆ ಮಾಡಿಸಿದರು. ಲಾಭದ ಲೆಕ್ಕ ಹಾಕಿದ್ದರೆ ಇವರಲ್ಲಿ ಯಾರೂ ಹಡಗು ಹತ್ತುತ್ತಿರಲಿಲ್ಲ.

ನಾನು ಇದನ್ನು ಕಲಿತದ್ದು ಪುಸ್ತಕದಿಂದ ಅಲ್ಲ. ನಾನು ಮೊದಲ ವರ್ಷದಲ್ಲಿದ್ದಾಗ ಒಬ್ಬ ಮುದುಕರನ್ನು ಬಸ್‌ಸ್ಟ್ಯಾಂಡಿನಿಂದ ತಂದು ಹಾಕಿದ್ದರು. ಬೆನ್ನಿನ ಕೆಳಗೆ ಮುಷ್ಟಿ ಹೋಗುವಷ್ಟು ದೊಡ್ಡ ಹುಣ್ಣು. ಹುಳ ಬಿದ್ದಿತ್ತು. ನಾನು ಹೊರಗೆ ಓಡಿ ವಾಂತಿ ಮಾಡಿದೆ. ಮೇಟ್ರನ್ ನನ್ನನ್ನು ಬೈಯಲಿಲ್ಲ. ಟರ್ಪೆಂಟೈನಿನಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು ಹುಣ್ಣಿನ ಬಾಯಿಗೆ ಇಟ್ಟರು. ಹುಳ ಮೇಲೆ ಬರುತ್ತಿದ್ದಂತೆ ಫೋರ್ಸೆಪ್ಸಿನಿಂದ ಒಂದೊಂದಾಗಿ ಎತ್ತಿ ಟ್ರೇಗೆ ಹಾಕುತ್ತಾ ಹೋದರು. ಹಾಗೆ ಮಾಡುತ್ತಾ ಆ ಮುದುಕರ ಹತ್ತಿರ ಅವರ ಊರಿನ ಅಡಿಕೆ ತೋಟದ ವಿಷಯ ಮಾತಾಡುತ್ತಿದ್ದರು. ಈ ಸಲ ಕೊಳೆರೋಗ ಜೋರಾ ಅಜ್ಜಾ, ಔಷಧಿ ಎಷ್ಟು ಸಲ ಹೊಡೆದ್ರಿ, ಅಂತ. ಮುದುಕರು ಉತ್ತರ ಕೊಡುತ್ತಾ ಕೊಡುತ್ತಾ ಅತ್ತರು. ಅವರ ಜೊತೆ ಯಾರೋ ಮಾತಾಡಿ ಎಷ್ಟು ದಿನವಾಗಿತ್ತೋ. ಮೂರನೇ ದಿನ ಫೋರ್ಸೆಪ್ಸ್ ನನ್ನ ಕೈಯಲ್ಲಿತ್ತು.

ಮೇಟ್ರನ್ ನಮಗೆ ಉಪದೇಶ ಮಾಡಿದ್ದು ತುಂಬಾ ಕಡಿಮೆ. ಆದರೆ ಮತ್ತಾಯನ ಸುವಾರ್ತೆಯ ಇಪ್ಪತ್ತೈದನೇ ಅಧ್ಯಾಯದ ವಿಷಯ ಬಂದಾಗ ಒಂದು ಮಾತು ಹೇಳುತ್ತಿದ್ದರು. ನಾನು ರೋಗಿಯಾಗಿದ್ದೆ, ನೀವು ನನ್ನನ್ನು ಆರೈಕೆ ಮಾಡಿದಿರಿ ಅಂತ ಯೇಸು ಅಲ್ಲಿ ಹೇಳುತ್ತಾನೆ. ನಾನು ಡಾಕ್ಟರಾಗಿದ್ದೆ ಅಂತ ಹೇಳುವುದಿಲ್ಲ. ಅವನು ಮಂಚದ ಮೇಲೆ ಇದ್ದಾನೆ, ಮಂಚದ ಪಕ್ಕ ನಿಂತಿರುವವರಲ್ಲಿ ಅಲ್ಲ, ಅದನ್ನು ಮರೆಯಬೇಡಿ, ಅನ್ನುತ್ತಿದ್ದರು. ಈ ಮಾತು ನನ್ನನ್ನು ಇಷ್ಟು ವರ್ಷ ನಡೆಸಿತು.

ಇನ್ನು ನಿಮ್ಮ ಕಷ್ಟದ ಮಾತು. ಅದು ನನಗೆ ಗೊತ್ತಿಲ್ಲ ಅಂತಲ್ಲ. ವಿದೇಶದಿಂದ ಬರುತ್ತಿದ್ದ ನೆರವು ಮೊದಲಿನ ಹಾಗಿಲ್ಲ. ತಾಲೂಕು ಊರಿಗೆ ಸ್ಪೆಷಲಿಸ್ಟ್ ಡಾಕ್ಟರು ಬರಲು ಒಪ್ಪುವುದಿಲ್ಲ. ಕರೆಂಟು, ಆಕ್ಸಿಜನ್, ಜನರೇಟರ್ ಡೀಸೆಲ್, ಯಾವುದೂ ಅಗ್ಗ ಅಲ್ಲ. ಸರ್ಕಾರಿ ಯೋಜನೆಯ ಹಣ ಕೈಗೆ ಬರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ ಅಂತ ನೀವು ಹೇಳುವುದನ್ನು ಕೇಳಿದ್ದೇನೆ. ಎದುರಿಗೆ ಹೊಸ ಆಸ್ಪತ್ರೆ ಬಂದಿದೆ, ಗಾಜಿನ ಕಟ್ಟಡ. ಆಸ್ಪತ್ರೆ ಮುಚ್ಚಿದರೆ ಬಡವರಿಗೂ ಇಲ್ಲ, ಶ್ರೀಮಂತರಿಗೂ ಇಲ್ಲ. ಇದೆಲ್ಲ ನಿಜ. ಎಲ್ಲವನ್ನೂ ಪುಕ್ಕಟೆ ಕೊಡಿ ಅಂತ ನಾನು ಕೇಳುತ್ತಿಲ್ಲ.

ಆದರೆ ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಕಳ್ಳರು ಹೊಡೆದು ಯೆರಿಕೋ ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಆ ಸಮಾರ್ಯದವನು ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ತನ್ನ ಕತ್ತೆಯ ಮೇಲೆ ಕೂರಿಸಿ ಛತ್ರಕ್ಕೆ ಕರೆದುಕೊಂಡು ಹೋದ. ಇಷ್ಟನ್ನು ನಾವು ಭಾನುವಾರ ಶಾಲೆಯ ಮಕ್ಕಳಿಗೂ ಹೇಳುತ್ತೇವೆ. ಆಮೇಲಿನ ಸಾಲು ಇದೆಯಲ್ವಾ, ಅದು ನನಗೆ ಈಗ ಜಾಸ್ತಿ ಮುಖ್ಯ ಅನಿಸುತ್ತದೆ. ಮಾರನೇ ದಿನ ಅವನು ಎರಡು ಬೆಳ್ಳಿ ನಾಣ್ಯ ತೆಗೆದು ಛತ್ರದವನಿಗೆ ಕೊಟ್ಟ. ಇವನನ್ನು ನೋಡಿಕೋ, ಇದಕ್ಕಿಂತ ಹೆಚ್ಚು ಖರ್ಚಾದರೆ ನಾನು ತಿರುಗಿ ಬಂದಾಗ ಕೊಡುತ್ತೇನೆ ಅಂದ. ಛತ್ರದವನೂ ಬದುಕಬೇಕು. ಅವನಿಗೆ ಹಣ ಸಿಕ್ಕಿತು. ಆದರೆ ಆ ಹಣ ಗಾಯಗೊಂಡವನ ಜೇಬಿನಿಂದ ಬರಲಿಲ್ಲ. ಅವನ ಜೇಬನ್ನು ಕಳ್ಳರು ಮೊದಲೇ ಖಾಲಿ ಮಾಡಿದ್ದರು.

ನಮ್ಮ ಆಸ್ಪತ್ರೆ ಆ ಛತ್ರದ ಹಾಗೆ. ಹಾಗಾದರೆ ಆ ಎರಡು ನಾಣ್ಯ ಕೊಡಬೇಕಾದವರು ಯಾರು? ನಮ್ಮ ಸಭೆಗಳು. ನಾವು. ಅದಕ್ಕೇ ಈ ಪತ್ರವನ್ನು ಮಂಡಳಿಗೆ ಮಾತ್ರ ಬರೆಯದೆ ಸಭೆಯ ಹಿರಿಯರಿಗೂ ಬರೆಯುತ್ತಿದ್ದೇನೆ. ಕೊಯ್ಲಿನ ಹಬ್ಬದ ಏಲಂನಲ್ಲಿ ಒಂದು ಬಾಳೆಗೊನೆಗೆ ನಾವು ಸಾವಿರಾರು ರೂಪಾಯಿ ಕೂಗುತ್ತೇವೆ. ಒಳ್ಳೆಯದೇ, ಹುರುಪಿನಿಂದ ಕೊಡುತ್ತೇವೆ. ಆ ಹಣ ಕಾಂಪೌಂಡಿಗೆ, ಟೈಲ್ಸಿಗೆ, ಸೌಂಡ್ ಸಿಸ್ಟಮ್ಮಿಗೆ ಹೋಗುತ್ತದೆ. ನಮ್ಮ ಸಭೆಯ ಆಸ್ಪತ್ರೆಯಲ್ಲಿ ಅಡ್ವಾನ್ಸ್ ಇಲ್ಲದೆ ಬೆಂಚಿನ ಮೇಲೆ ಕೂತವರಿಗೆ ಅದರಲ್ಲಿ ಒಂದು ಪಾಲು ಹೋದದ್ದನ್ನು ನಾನು ಇತ್ತೀಚೆಗೆ ಕಂಡಿಲ್ಲ. ನಾವು ಛತ್ರವನ್ನು ಅದರ ಪಾಡಿಗೆ ಬಿಟ್ಟುಬಿಟ್ಟೆವು, ಆಮೇಲೆ ಛತ್ರದವನು ಹಣ ಕೇಳುತ್ತಾನೆ ಅಂತ ದೂರುತ್ತಿದ್ದೇವೆ. ಈ ತಪ್ಪಿನಲ್ಲಿ ನನಗೂ ಪಾಲಿದೆ.

ಈಗ ನನ್ನ ಕೋರಿಕೆಗಳು.

ಮೊಟ್ಟಮೊದಲು ಆ ಮೆಮೊ ವಾಪಸ್ ತೆಗೆದುಕೊಳ್ಳಿ. ಅವಳ ಫೈಲಿನಿಂದ ತೆಗೆಯಿರಿ. ಸಾಧ್ಯವಾದರೆ ಅವಳನ್ನು ಕರೆದು ಒಂದು ಒಳ್ಳೆಯ ಮಾತು ಹೇಳಿ. ಉಳಿದ ಹುಡುಗಿಯರು ನೋಡುತ್ತಿದ್ದಾರೆ. ಕನಿಕರ ತೋರಿಸಿದರೆ ಮೆಮೊ ಬರುತ್ತದೆ ಅಂತ ಒಮ್ಮೆ ಕಲಿತರೆ ಅವರು ಅದನ್ನು ಮರೆಯುವುದಿಲ್ಲ.

ಎರಡನೆಯದು, ತುರ್ತು ರೋಗಿಗೆ ಅಡ್ವಾನ್ಸ್ ಕೇಳುವುದನ್ನು ನಿಲ್ಲಿಸಿ. ಇದು ನನ್ನ ಧರ್ಮದ ಮಾತು ಮಾತ್ರ ಅಲ್ಲ, ಕಾನೂನು ಕೂಡ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಬಗ್ಗೆ ನಮ್ಮ ರಾಜ್ಯದಲ್ಲಿ 2007ರ ಕಾಯ್ದೆ ಇದೆ. 2017ರಲ್ಲಿ ಅದಕ್ಕೆ ತಿದ್ದುಪಡಿ ತಂದಾಗ ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕೆ ಪಟ್ಟು ಹಿಡಿಯಬಾರದು ಅಂತ ಸೇರಿಸಿದರು. ಸತ್ತವರ ದೇಹವನ್ನು ಬಿಲ್ ಬಾಕಿಗಾಗಿ ಇಟ್ಟುಕೊಳ್ಳಬಾರದು ಅಂತಲೂ ಇದೆ. ಕಾನೂನು ಇಲ್ಲದ ಕಾಲದಲ್ಲೂ ಹೀಗೆ ನಡೆದುಕೊಂಡವರು ನಾವು. ಈಗ ಕಾನೂನು ನಮಗೆ ನೆನಪಿಸಬೇಕಾಗಿ ಬಂದಿದೆಯಲ್ಲ, ಅದು ನನಗೆ ನೋವಿನ ವಿಷಯ. ರಾತ್ರಿ ಪಾಳಿಯ ನರ್ಸ್ ಮತ್ತು ಡ್ಯೂಟಿ ಡಾಕ್ಟರ್ ಸಹಿ ಹಾಕಿದರೆ ಕಂಪ್ಯೂಟರ್ ಮುಂದಕ್ಕೆ ಹೋಗಬೇಕು. ಕೌಂಟರಿನ ಹುಡುಗನನ್ನು ಆ ಸಂಕಟದಿಂದ ಬಿಡಿಸಿ.

ಆಯುಷ್ಮಾನ್ ಕಾರ್ಡಿನ ವಿಷಯವೂ ಹಾಗೇ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಆ ಯೋಜನೆಯಲ್ಲಿ ಸಿಗುತ್ತದೆ. ಮಾಮೂಲಿ ಕಾಯಿಲೆಗೆ ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕು, ತುರ್ತಿಗೆ ಬೇಡ. ಬೀಡಿ ಕಟ್ಟುವಾಕೆಗೆ ಇದೆಲ್ಲ ಹೇಗೆ ಗೊತ್ತಿರಬೇಕು? ಆರೋಗ್ಯ ಮಿತ್ರ ಬೆಳಗ್ಗೆ ಬರಲಿ. ರೋಗಿಯನ್ನು ರಾತ್ರಿಯೇ ಮಲಗಿಸಿ, ಕಾಗದ ಬೆಳಗ್ಗೆ ಆಗುತ್ತದೆ.

ಜನರಲ್ ವಾರ್ಡನ್ನು ಮುಚ್ಚಬೇಡಿ. ಇಪ್ಪತ್ತು ಮಂಚ ತೆಗೆದು ಎಂಟು ಸ್ಪೆಷಲ್ ರೂಮ್ ಮಾಡುವ ಯೋಚನೆ ಇದೆ ಅಂತ ಕೇಳಿದೆ. ರೂಮಿನಿಂದ ಹಣ ಬರುತ್ತದೆ, ಒಪ್ಪುತ್ತೇನೆ. ಒಂದು ಕಡೆ ರೂಮ್ ಮಾಡಿ, ಆ ಹಣದಿಂದ ಇನ್ನೊಂದು ಕಡೆ ವಾರ್ಡ್ ನಡೆಸಿ. ನನ್ನ ಕಾಲದಲ್ಲಿ ಹಾಗೇ ನಡೆಯುತ್ತಿತ್ತು. ವಾರ್ಡೇ ಇಲ್ಲದ ಮಿಷನ್ ಆಸ್ಪತ್ರೆಯಲ್ಲಿ ಬಡವರು ಎಲ್ಲಿ ಮಲಗಬೇಕು?

ನರ್ಸುಗಳ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಸಾಮಾನ್ಯ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಐದು ರೋಗಿಗೆ ಒಬ್ಬ ನರ್ಸ್ ಅಂತ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕ ಕೊಟ್ಟಿದೆ. ಅವತ್ತು ರಾತ್ರಿ ಇಪ್ಪತ್ತೆಂಟಕ್ಕೆ ಒಬ್ಬಳಿದ್ದಳು. ಎರಡು ಗಂಟೆಗೊಮ್ಮೆ ರೋಗಿಯನ್ನು ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಅಂತ ನಾವೇ ಪಾಠ ಹೇಳಿಕೊಡುತ್ತೇವೆ. ಒಬ್ಬಳು ಎಷ್ಟು ಜನರನ್ನು ಮಗ್ಗುಲು ಬದಲಿಸಬೇಕು? ಸೇವೆ, ತ್ಯಾಗ ಅಂತ ಹೇಳಿ ಕಡಿಮೆ ಸಂಬಳಕ್ಕೆ ದುಡಿಸುವುದು ಸರಿಯಲ್ಲ. ನಾನು ಕಡಿಮೆ ಸಂಬಳಕ್ಕೆ ದುಡಿದದ್ದು ನನ್ನ ಇಷ್ಟ. ಅಂಥ ತ್ಯಾಗವನ್ನು ಅವಳಿಂದ ಕಿತ್ತುಕೊಳ್ಳುವ ಹಕ್ಕು ನಮಗೆ ಯಾರಿಗೂ ಇಲ್ಲ. ಸಮಾರ್ಯದವನು ಕೊಟ್ಟದ್ದು ತನ್ನ ಸ್ವಂತ ಹಣ.

ಸಭೆಗಳಿಗೆ ಒಂದೇ ಮಾತು. ಕೊಯ್ಲಿನ ಹಬ್ಬದ ಹಣದಲ್ಲಿ ಇಂತಿಷ್ಟು ಅಂತ ನಿಗದಿ ಮಾಡಿ ಬಡ ರೋಗಿಗಳ ನಿಧಿಗೆ ಕೊಡಿ. ಎಷ್ಟು ಬಂತು, ಯಾವುದಕ್ಕೆ ಹೋಯಿತು ಅಂತ ವರ್ಷಕ್ಕೊಮ್ಮೆ ಸಭೆಯ ಮುಂದೆ ಓದಲಿ. ಹಣಕ್ಕಿಂತ ಕಷ್ಟದ್ದು ಇನ್ನೊಂದಿದೆ. ಜೊತೆಗೆ ಯಾರೂ ಇಲ್ಲದ ರೋಗಿಗಳು ಪ್ರತಿ ವಾರ್ಡಿನಲ್ಲೂ ಇರುತ್ತಾರೆ. ಮಕ್ಕಳು ದುಬೈಯಲ್ಲಿ, ಇಲ್ಲ ಬೆಂಗಳೂರಿನಲ್ಲಿ. ಗಂಜಿ ಬಟ್ಟಲು ತಲೆಯ ಹತ್ತಿರ ಇಟ್ಟು ಹೋಗುತ್ತಾರೆ, ಕೈ ನಡುಗುವವರು ಅದನ್ನು ಹೇಗೆ ತಿನ್ನಬೇಕು? ಸ್ತ್ರೀ ಸಂಘದವರು, ಯುವಕರು ಪಾಳಿ ಹಾಕಿಕೊಂಡು ಹೋಗಿ ಕೂರಲಿ. ಹಾಡು ಹಾಡುವುದು, ಕರಪತ್ರ ಕೊಡುವುದು ಬೇಡ. ಗಂಜಿ ತಿನ್ನಿಸಲಿ, ಉಗುರು ಕತ್ತರಿಸಲಿ, ಊರಿನ ಸುದ್ದಿ ಕೇಳಲಿ.

ಹಾಡು, ಕರಪತ್ರ ಬೇಡ ಅಂತ ಬೇಕೆಂದೇ ಹೇಳಿದೆ. ಮಿಷನ್ ಆಸ್ಪತ್ರೆ ಅಂದರೆ ಈಗ ಅನುಮಾನದಿಂದ ನೋಡುವವರೂ ಇದ್ದಾರೆ. ಮತಾಂತರಕ್ಕೆ ಗಾಳ ಅನ್ನುತ್ತಾರೆ. ಯೇಸು ಹತ್ತು ಜನ ಕುಷ್ಠರೋಗಿಗಳನ್ನು ಗುಣ ಮಾಡಿದ. ತಿರುಗಿ ಬಂದು ಕೃತಜ್ಞತೆ ಹೇಳಿದವನು ಒಬ್ಬನೇ. ಉಳಿದ ಒಂಬತ್ತು ಜನರ ರೋಗ ಮರಳಿ ಬಂತು ಅಂತ ಎಲ್ಲೂ ಬರೆದಿಲ್ಲ. ನಮ್ಮ ಆರೈಕೆಯೂ ಹಾಗೇ ಇರಬೇಕು. ಪಕ್ಕದ ಮನೆಯವರು ನಮ್ಮ ಸಭೆಯವರಲ್ಲ, ಆಗಲಿ ಅಂತ ನಾನು ಬಯಸಿ ಅವರನ್ನು ಕರೆದುಕೊಂಡು ಹೋದದ್ದೂ ಅಲ್ಲ. ಕಾಲು ಕೊಳೆಯುತ್ತಿತ್ತು, ಅದಕ್ಕೆ ಕರೆದುಕೊಂಡು ಹೋದೆ.

ಆ ರಾತ್ರಿ ಬಳಸಿದ ಸಲೈನ್, ಗಾಜ್, ಬ್ಯಾಂಡೇಜಿನ ಹಣವನ್ನು ಕಟ್ಟಲು ನಾನು ಕೌಂಟರಿಗೆ ಹೋಗಿದ್ದೆ. ರೋಗಿಯ ನಂಬರ್ ಇಲ್ಲದೆ ರಸೀದಿ ಹಾಕಲು ಬರುವುದಿಲ್ಲ ಅಂದರು. ಆ ಹಣ ಇನ್ನೂ ನನ್ನ ಹತ್ತಿರವೇ ಇದೆ. ಬಡ ರೋಗಿಗಳ ನಿಧಿ ತೆರೆದ ದಿನ ಮೊದಲ ಕಾಣಿಕೆಯಾಗಿ ಅದನ್ನು ತೆಗೆದುಕೊಳ್ಳಿ.

ನನ್ನ ಮೊಣಕಾಲು ಈಗ ಮೊದಲಿನ ಹಾಗಿಲ್ಲ. ವಾರ್ಡಿನಲ್ಲಿ ಓಡಾಡಲು ಆಗುವುದಿಲ್ಲ. ಆದರೆ ಒಂದು ಸ್ಟೂಲ್ ಕೊಟ್ಟರೆ ಕೂತು ಗಂಜಿ ತಿನ್ನಿಸಬಲ್ಲೆ, ಮೈ ಒರೆಸಬಲ್ಲೆ, ಹೊಸ ಹುಡುಗಿಯರಿಗೆ ಅಂಟಿದ ಬಟ್ಟೆ ಬಿಡಿಸುವುದನ್ನು ತೋರಿಸಬಲ್ಲೆ. ಮಂಗಳವಾರ, ಶುಕ್ರವಾರ ಸಂಜೆ ಐದರಿಂದ ಎಂಟರ ತನಕ ನಾನು ಬರಲು ಸಿದ್ಧ. ಯಾವ ವಾರದಿಂದ ಬರಬೇಕು ಅಂತ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್